ಫೆರಿಟಿನ್ ಏರಿದೆಯೇ, ಇಳಿದಿದೆಯೇ: ದೋಷ ಹುಡುಕುವ ಬಗೆ

ಕೂದಲು ಉದುರುತ್ತಿದೆ ಎಂದು ಹೋದವರಿಗೂ, ಜ್ವರ ಬಿಡುತ್ತಿಲ್ಲ ಎಂದು ಹೋದವರಿಗೂ, ಯಾವ ತೊಂದರೆಯೂ ಇಲ್ಲದೆ ರಿಯಾಯಿತಿ ದರದ ‘ಪೂರ್ಣ ದೇಹ ತಪಾಸಣೆ’ ಮಾಡಿಸಿಕೊಂಡವರಿಗೂ ಈಗ ಒಂದೇ ಪರೀಕ್ಷೆಯ ವರದಿ ಸಿಗುತ್ತಿದೆ: ಫೆರಿಟಿನ್, ಅಂದರೆ ದೇಹದಲ್ಲಿ ಕಬ್ಬಿಣವನ್ನು ಕೂಡಿಡುವ ಪ್ರೋಟೀನ್. ಅಂಕಿ ದಪ್ಪ ಅಕ್ಷರದಲ್ಲಿ ಅಚ್ಚಾಗಿದ್ದರೆ ಮನೆಮಂದಿಗೆಲ್ಲ ಗಾಬರಿ. ಕಡಿಮೆ ಇದ್ದರೆ ಔಷಧದ ಅಂಗಡಿಯಿಂದ ಕಬ್ಬಿಣದ ಮಾತ್ರೆ, ಹೆಚ್ಚಿದ್ದರೆ ‘ರಕ್ತಶುದ್ಧಿ’ಯ ಕಷಾಯ. ಎರಡೂ ಆತುರದ ಕೆಲಸಗಳೇ. ಈ ಪ್ರೋಟೀನ್ ರಕ್ತಕ್ಕೆ ಎಲ್ಲಿಂದ ಬರುತ್ತದೆ, ದೇಹ ಅದನ್ನು ಎಷ್ಟು ಬೇಗ ಗುಡಿಸಿ ತೆಗೆಯುತ್ತದೆ ಎಂಬುದು ತಿಳಿದರೆ ಅಂಕಿಯ ಅರ್ಥವೇ ಬದಲಾಗುತ್ತದೆ. ಆದ್ದರಿಂದ ಮೊದಲು ಅದನ್ನು ಹೇಳಿ, ಆಮೇಲೆ ಒಂದೊಂದೇ ಲಕ್ಷಣಕ್ಕೆ ಬರುತ್ತೇನೆ.

ಬರುವ ದಾರಿ, ಹೋಗುವ ದಾರಿ

ಫೆರಿಟಿನ್ ಎಂದರೆ 24 ತುಣುಕುಗಳು ಸೇರಿ ಆದ ಪೊಳ್ಳು ಗೋಳ. ಅದರೊಳಗೆ ಸುಮಾರು 4,500 ಕಬ್ಬಿಣದ ಪರಮಾಣುಗಳವರೆಗೆ ಹಿಡಿಸುತ್ತವೆ. ಅದರ ನಿಜವಾದ ಮನೆ ಜೀವಕೋಶದ ಒಳಗೆ, ಅದರಲ್ಲೂ ಯಕೃತ್ತು (ಲಿವರ್), ಗುಲ್ಮ (ಸ್ಪ್ಲೀನ್) ಮತ್ತು ಅಸ್ಥಿಮಜ್ಜೆಗಳಲ್ಲಿ. ಆರೋಗ್ಯವಂತರ ರಕ್ತದಲ್ಲೂ ಅದು ಅತ್ಯಲ್ಪ ಪ್ರಮಾಣದಲ್ಲಿ ಇರುತ್ತದೆ ಎಂದು ಅಳೆದು ತೋರಿಸಿದವರು ವೇಲ್ಸ್ ದೇಶದ ಕಾರ್ಡಿಫ್ ನಗರದ ಸಂಶೋಧಕರು, 1972ರಲ್ಲಿ. ದೇಹದ ಕಬ್ಬಿಣದ ದಾಸ್ತಾನು ಏರಿದಂತೆ ರಕ್ತದ ಫೆರಿಟಿನ್ ಕೂಡ ಏರುತ್ತದೆ ಎಂಬುದು ಗೊತ್ತಾದ ಮೇಲೆ ಈ ಪರೀಕ್ಷೆ ಲೋಕದೆಲ್ಲೆಡೆ ಬಳಕೆಗೆ ಬಂತು.

ಆದರೆ ರಕ್ತದಲ್ಲಿ ಕಾಣುವ ಫೆರಿಟಿನ್ ಎರಡು ಬಗೆಯದು. ರೋಗಾಣುಗಳನ್ನು ನುಂಗುವ ಭಕ್ಷಕ ಕೋಶಗಳಂಥವು ತಾವಾಗಿ ಸ್ರವಿಸುವಂಥದ್ದು ಒಂದು. ಇದಕ್ಕೆ ಸಕ್ಕರೆಯ ಸರಪಳಿ ಅಂಟಿರುತ್ತದೆ, ಒಳಗೆ ಕಬ್ಬಿಣ ಬಹಳ ಕಡಿಮೆ. ಗಾಯಗೊಂಡ ಅಥವಾ ಸತ್ತ ಕೋಶಗಳಿಂದ ಸೋರಿ ಬರುವಂಥದ್ದು ಇನ್ನೊಂದು. ಇದಕ್ಕೆ ಸಕ್ಕರೆಯ ಹೊದಿಕೆ ಇಲ್ಲ. ಮಾನವ ಗುಲ್ಮದಿಂದ ತೆಗೆದ ಫೆರಿಟಿನ್‌ಗೆ ವಿಕಿರಣಶೀಲ ಅಯೋಡಿನ್ ಗುರುತು ಹಾಕಿ ರಕ್ತಕ್ಕೆ ಬಿಟ್ಟು ನೋಡಿದ ಪ್ರಯೋಗಗಳಲ್ಲಿ, ಅದರ ಅರ್ಧ ಭಾಗ ಸುಮಾರು 9 ನಿಮಿಷಗಳಲ್ಲೇ ಮಾಯವಾಯಿತು. ಅದನ್ನು ಎಳೆದುಕೊಂಡದ್ದು ಮುಖ್ಯವಾಗಿ ಯಕೃತ್ತು. ಸಕ್ಕರೆ ಹೊದ್ದ ಪ್ಲಾಸ್ಮಾ ಫೆರಿಟಿನ್‌ನ ಅರ್ಧ ಭಾಗ ಹೋಗುವುದಕ್ಕೆ ಸುಮಾರು 30 ಗಂಟೆ ಬೇಕಾಯಿತು. ಕೋಶಗಳ ಹೊರಮೈಯಲ್ಲಿ ಇದಕ್ಕೆಂದೇ ಗ್ರಾಹಕಗಳಿವೆ. ಟ್ರಾನ್ಸ್‌ಫೆರಿನ್ ಎಂಬ ಕಬ್ಬಿಣ ಸಾಗಿಸುವ ಪ್ರೋಟೀನನ್ನು ಒಳಗೆ ಬಿಟ್ಟುಕೊಳ್ಳುವ ಗ್ರಾಹಕವೇ ಫೆರಿಟಿನ್‌ನ ಒಂದು ಬಗೆಯ ತುಣುಕನ್ನೂ ಹಿಡಿಯುತ್ತದೆ. ಒಳಗೆ ಸೇರಿದ ಗೋಳವನ್ನು ಕೋಶ ಒಡೆದು ಜೀರ್ಣಿಸಿಕೊಂಡು, ಸಿಕ್ಕ ಕಬ್ಬಿಣವನ್ನು ಮತ್ತೆ ಬಳಸಿಕೊಳ್ಳುತ್ತದೆ.

ಈ ಎರಡು ಅಂಕಿಗಳನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕಿ. ನಿಧಾನವಾಗಿ ಹೋಗುವ ಬಗೆಯೇ ಆದರೂ, ಹೊಸದು ಬರುವುದು ಪೂರ್ತಿ ನಿಂತರೆ ಒಂದು ವಾರದಲ್ಲಿ ಅದರ ನಲವತ್ತನೇ ಒಂದು ಭಾಗವೂ ಉಳಿಯಬಾರದು. ಹಾಗಿದ್ದೂ ತಿಂಗಳುಗಟ್ಟಲೆ ಫೆರಿಟಿನ್ 600, 800 ಎಂದು ತೋರಿಸುತ್ತಿದ್ದರೆ ಅದು ಹಳೆಯ ಕೊಳೆ ಉಳಿದಿರುವುದಲ್ಲ. ಎಲ್ಲಿಂದಲೋ ದಿನವೂ ಹೊಸದಾಗಿ ಬಂದು ಸೇರುತ್ತಿದೆ. ಹುಡುಕಬೇಕಾದದ್ದು ಆ ಮೂಲವನ್ನು. ಕಣಜದ ಸುತ್ತ ನೆಲದ ಮೇಲೆ ಕಾಳು ಚೆಲ್ಲಿದ್ದರೆ ಕಣಜ ತುಂಬಿ ತುಳುಕಿರಬಹುದು, ಇಲ್ಲವೇ ಗೋಡೆ ಬಿರುಕು ಬಿಟ್ಟಿರಬಹುದು. ಚೆಲ್ಲಿದ ಕಾಳನ್ನು ಮಾತ್ರ ನೋಡಿದರೆ ಯಾವುದೆಂದು ತಿಳಿಯುವುದಿಲ್ಲ.

ಯಾವ ಲಕ್ಷಣವೇ ಇರಲಿ, ಖರ್ಚಿಲ್ಲದ ತಪಾಸಣೆ ಮೊದಲು

ವರದಿಯ ಮಾನ ನೋಡಿ. ಮಿಲಿಲೀಟರಿಗೆ ನ್ಯಾನೊಗ್ರಾಂ ಎಂದರೂ ಲೀಟರಿಗೆ ಮೈಕ್ರೊಗ್ರಾಂ ಎಂದರೂ ಅಂಕಿ ಒಂದೇ. ವಿದೇಶದ ಕೆಲವು ವರದಿಗಳಲ್ಲಿ ಪಿಕೊಮೋಲ್ ಇರುತ್ತದೆ. ಅಲ್ಲಿ ಅಂಕಿ ಎರಡು ಪಟ್ಟಿಗಿಂತ ತುಸು ಹೆಚ್ಚು ಕಾಣುತ್ತದೆ.

ಕೂದಲಿಗೆ, ಉಗುರಿಗೆ ಎಂದು ಬಯೋಟಿನ್ ಎಂಬ ವಿಟಮಿನ್ ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ? ಫೆರಿಟಿನ್ ಅಳೆಯುವ ಹಲವು ಯಂತ್ರಗಳು ಬಯೋಟಿನ್‌ನ ಅಂಟುಗುಣವನ್ನೇ ಬಳಸಿಕೊಂಡು ಕೆಲಸ ಮಾಡುತ್ತವೆ. ರಕ್ತದಲ್ಲಿ ಬಯೋಟಿನ್ ಹೇರಳವಾಗಿದ್ದರೆ ಅಂಥ ಯಂತ್ರದಲ್ಲಿ ಫೆರಿಟಿನ್ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಕೂದಲು ಉದುರುವವರೇ ಬಯೋಟಿನ್ ನುಂಗುವವರು, ಅವರೇ ಫೆರಿಟಿನ್ ಮಾಡಿಸುವವರು ಎಂಬುದನ್ನು ನೆನೆದರೆ ಇದು ಸಣ್ಣ ವಿಷಯವಲ್ಲ. ಎರಡು ಮೂರು ದಿನ ಮೊದಲೇ ಅದನ್ನು ನಿಲ್ಲಿಸಿ, ರಕ್ತ ಕೊಡುವಾಗ ಪ್ರಯೋಗಾಲಯದವರಿಗೂ ಹೇಳಿ.

ಮಾದರಿ ಹೇಗಿತ್ತು ಎಂದೂ ಕೇಳಬಹುದು. ರಕ್ತದ ನಳಿಕೆಯನ್ನು ಯಂತ್ರದಲ್ಲಿ ತಿರುಗಿಸಿದ ಮೇಲೆ ಕೆಂಪು ಕಣಗಳು ಕೆಳಗೆ ಕೂತು, ಮೇಲೆ ತೆಳುವಾದ ಹುಲ್ಲುಹಳದಿ ಸೀರಮ್ ನಿಲ್ಲಬೇಕು. ಸೂಜಿ ಸರಿಯಾಗಿ ಹೋಗದೆ ಎಳೆದಾಡಿದ ರಕ್ತವಾದರೆ ಕಣಗಳು ಒಡೆದು ಸೀರಮ್ ಗುಲಾಬಿ ಬಣ್ಣಕ್ಕೆ ತಿರುಗಿರುತ್ತದೆ. ಕೆಂಪು ಕಣಗಳ ಒಳಗೂ ಫೆರಿಟಿನ್ ಇರುವುದರಿಂದ ಅಂಕಿ ಸುಳ್ಳೇ ಏರಬಹುದು. ವರದಿಯ ಕೆಳಗೆ ‘ಹೀಮೊಲೈಸ್ಡ್’ ಎಂಬ ಷರಾ ಇದ್ದರೆ ಬೇರೇನನ್ನೂ ಯೋಚಿಸದೆ ಮರುಪರೀಕ್ಷೆ ಮಾಡಿಸಿ.

ಹಿಂದಿನ ವಾರಗಳಲ್ಲಿ ಜ್ವರ, ಹಲ್ಲಿನ ಸೋಂಕು, ಶಸ್ತ್ರಚಿಕಿತ್ಸೆ, ಲಸಿಕೆ, ರಕ್ತನಾಳದ ಮೂಲಕ ಕಬ್ಬಿಣದ ಚುಚ್ಚುಮದ್ದು, ಇವುಗಳಲ್ಲಿ ಏನಾದರೂ ಆಗಿತ್ತೇ? ಕಬ್ಬಿಣದ ಡ್ರಿಪ್ ಹಾಕಿಸಿಕೊಂಡ ಹೊಸತರಲ್ಲಿ ಫೆರಿಟಿನ್ ನೂರಾರು ಏರುವುದು ಸಹಜ. ಹೆದರಬೇಡಿ, ನಂಬಲೂ ಬೇಡಿ. ನಾಲ್ಕರಿಂದ ಎಂಟು ವಾರ ಬಿಟ್ಟು ಅಳೆದ ಅಂಕಿಗೆ ಮಾತ್ರ ಅರ್ಥವಿದೆ.

ಸುಸ್ತು, ಏದುಸಿರು, ಕೂದಲು ಉದುರುವುದು: ಫೆರಿಟಿನ್ ತಳ ಕಂಡಿದೆ

ಮೆಟ್ಟಿಲು ಹತ್ತಿದರೆ ಎದೆ ಹೊಡೆದುಕೊಳ್ಳುವುದು, ರಾತ್ರಿ ಕಾಲುಗಳನ್ನು ಅಲ್ಲಾಡಿಸದೆ ಇರಲಾಗದಂಥ ಚಡಪಡಿಕೆ, ಚಮಚದಂತೆ ಗುಳಿಬಿದ್ದ ಉಗುರು, ಹಸಿ ಅಕ್ಕಿ, ಬಳಪ, ಮಣ್ಣು, ಐಸ್ ತಿನ್ನುವ ಆಸೆ. ಇವುಗಳಲ್ಲಿ ಕೊನೆಯದನ್ನು ಯಾರೂ ತಾವಾಗಿ ಬಾಯಿಬಿಟ್ಟು ಹೇಳುವುದಿಲ್ಲ, ಕೇಳಬೇಕು. ಬಸುರಿಯರನ್ನೂ ಶಾಲೆಗೆ ಹೋಗುವ ಹೆಣ್ಣುಮಕ್ಕಳನ್ನೂ ಬೈಯದೆ ಕೇಳಿ.

ಯಾವ ರೋಗವೂ ಇಲ್ಲದ ವಯಸ್ಕರಲ್ಲಿ 15ಕ್ಕಿಂತ, ಐದು ವರ್ಷದೊಳಗಿನ ಮಕ್ಕಳಲ್ಲಿ 12ಕ್ಕಿಂತ ಕೆಳಗಿದ್ದರೆ ದಾಸ್ತಾನು ಬರಿದಾಗಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿ ಹೇಳುತ್ತದೆ. ಅನೇಕ ವೈದ್ಯರು 30ಕ್ಕಿಂತ ಕೆಳಗಿದ್ದರೇ ಚಿಕಿತ್ಸೆ ಶುರುಮಾಡುತ್ತಾರೆ. ಹೆಚ್ಚಿದ ಫೆರಿಟಿನ್‌ಗೆ ಹತ್ತು ಕಾರಣಗಳಿರುತ್ತವೆ. ಕಡಿಮೆ ಫೆರಿಟಿನ್‌ಗೆ ಹೆಚ್ಚುಕಡಿಮೆ ಒಂದೇ ಕಾರಣ: ಕಬ್ಬಿಣ ಇಲ್ಲ. ಬಯೋಟಿನ್‌ನ ಗೊಂದಲ ತೆಗೆದುಹಾಕಿದ ಮೇಲೆ ಈ ಅಂಕಿಯನ್ನು ನಂಬಬಹುದು.

ಮುಂದಿನ ಪ್ರಶ್ನೆ, ಕಬ್ಬಿಣ ಎಲ್ಲಿ ಹೋಯಿತು? ಮುಟ್ಟಿನ ರಕ್ತಸ್ರಾವ ಎಷ್ಟು ದಿನ, ಗಡ್ಡೆಗಡ್ಡೆಯಾಗಿ ಹೋಗುತ್ತದೆಯೇ ಎಂದು ಕೇಳುವುದಕ್ಕೆ ಕಾಸು ಬೇಕಿಲ್ಲ. ಬರಿಗಾಲಲ್ಲಿ ಹೊಲ ತೋಟಗಳಲ್ಲಿ ದುಡಿಯುವವರಿಗೆ ಕೊಕ್ಕೆಹುಳದ ಮಲಪರೀಕ್ಷೆ. ಮೇಲಿಂದ ಮೇಲೆ ರಕ್ತದಾನ ಮಾಡುವವರಾದರೆ ಕಾರಣ ಅದೇ ಇರಬಹುದು; ಗಂಡಸರು 90 ದಿನ, ಹೆಂಗಸರು 120 ದಿನ ಅಂತರ ಬಿಡಲೇಬೇಕು. ಊಟದ ಜೊತೆಗೇ ಕಾಫಿ, ಚಹಾ ಕುಡಿಯುವ ರೂಢಿ ಇದ್ದರೆ ಒಂದೆರಡು ಗಂಟೆ ಅಂತರ ಮಾಡಿ, ಸಾರಿನ ಮೇಲೆ ನಿಂಬೆ ಹಿಂಡಿಕೊಳ್ಳಿ.

ಮಾತ್ರೆ ಶುರುವಾದ ಮೇಲೆ ಮಲ ಕಪ್ಪಾಗುವುದು ಸಾಮಾನ್ಯ. ಡಾಂಬರಿನಂತೆ ಜಿಗುಟಾಗಿ, ಕೆಟ್ಟ ನಾತ ಬಂದರೆ ಅದು ಹೊಟ್ಟೆಯೊಳಗಿನ ರಕ್ತಸ್ರಾವ ಇರಬಹುದು. ಕಾಯದೆ ಆಸ್ಪತ್ರೆಗೆ ಹೋಗಿ. ಸರಿಯಾಗಿ ತೆಗೆದುಕೊಂಡರೆ ಮೂರು ನಾಲ್ಕು ವಾರದಲ್ಲಿ ಹಿಮೊಗ್ಲೋಬಿನ್ ಸುಮಾರು 2 ಗ್ರಾಂ ಏರಬೇಕು. ಏರದಿದ್ದರೆ ಮಾತ್ರೆಯ ಹೆಸರು ಬದಲಿಸುತ್ತಾ ಕೂರಬೇಡಿ: ರಕ್ತ ಇನ್ನೂ ಹೋಗುತ್ತಿದೆ, ಇಲ್ಲವೇ ಕರುಳು ಹೀರಿಕೊಳ್ಳುತ್ತಿಲ್ಲ, ಇಲ್ಲವೇ ರೋಗನಿರ್ಣಯವೇ ತಪ್ಪಿದೆ. ಹಿಮೊಗ್ಲೋಬಿನ್ ಸರಿಯಾದ ಮೇಲೂ ದಾಸ್ತಾನು ತುಂಬಲು ಸುಮಾರು ಮೂರು ತಿಂಗಳು ಮಾತ್ರೆ ಮುಂದುವರಿಸಬೇಕಾಗುತ್ತದೆ. ಬಹಳ ಜನ ಸುಸ್ತು ಕಡಿಮೆಯಾದ ಕೂಡಲೇ ಬಿಟ್ಟುಬಿಡುತ್ತಾರೆ.

ಇಲ್ಲಿ ಮನೆಯ ತಪಾಸಣೆ ನಿಲ್ಲಬೇಕಾದ ಜಾಗಗಳಿವೆ. ಗಂಡಸರಿಗಾಗಲಿ, ಮುಟ್ಟು ನಿಂತ ಹೆಂಗಸರಿಗಾಗಲಿ ಕಬ್ಬಿಣ ಬರಿದಾಗಿದ್ದರೆ ಹೊಟ್ಟೆ ಮತ್ತು ದೊಡ್ಡ ಕರುಳನ್ನು ಎಂಡೋಸ್ಕೋಪಿಯಿಂದ ನೋಡಿಸಲೇಬೇಕು. ಕರುಳಿನ ಕ್ಯಾನ್ಸರ್ ಮೊದಲು ಕಾಣಿಸಿಕೊಳ್ಳುವುದು ಕೆಲವೊಮ್ಮೆ ಹೀಗೆಯೇ. ಹಿಮೊಗ್ಲೋಬಿನ್ 7ಕ್ಕಿಂತ ಕೆಳಗಿದ್ದರೆ, ಎದೆನೋವು ಅಥವಾ ಕೂತಲ್ಲೇ ಏದುಸಿರು ಇದ್ದರೆ ಅದೇ ದಿನ ಆಸ್ಪತ್ರೆ. ಮಾತ್ರೆಗಳನ್ನು ಮಕ್ಕಳ ಕೈಗೆ ಎಟುಕದಂತೆ ಇಡಿ. ಮಿಠಾಯಿಯಂತೆ ಹೊಳೆಯುವ ಆ ಕೆಂಪು, ನೀಲಿ ಗುಳಿಗೆಗಳನ್ನು ಪುಟ್ಟ ಮಗು ಬೆರಳೆಣಿಕೆಯಷ್ಟು ನುಂಗಿದರೂ ಪ್ರಾಣಾಪಾಯ.

ರಕ್ತ ಕಡಿಮೆ, ಆದರೆ ಫೆರಿಟಿನ್ ‘ನಾರ್ಮಲ್’

ಜನರನ್ನು ಹೆಚ್ಚು ದಾರಿ ತಪ್ಪಿಸುವ ವರದಿ ಇದೇ ಎಂದು ನನ್ನ ಅಭಿಪ್ರಾಯ. ಸಂಧಿವಾತ, ಕ್ಷಯ, ಮೂತ್ರಪಿಂಡದ ರೋಗ, ವಾಸಿಯಾಗದ ಹುಣ್ಣು, ಇಂಥ ಉರಿಯೂತ ದೇಹದಲ್ಲಿದ್ದರೆ ಕೋಶಗಳು ಫೆರಿಟಿನನ್ನು ಹೆಚ್ಚಾಗಿ ತಯಾರಿಸಿ ರಕ್ತಕ್ಕೆ ಬಿಡುತ್ತವೆ. ದಾಸ್ತಾನು ಖಾಲಿಯಿದ್ದರೂ ಅಂಕಿ 50, 60 ಎಂದು ಸುರಕ್ಷಿತವಾಗಿ ಕಾಣುತ್ತದೆ. ಆದ್ದರಿಂದಲೇ ಸೋಂಕು ಅಥವಾ ಉರಿಯೂತ ಇರುವ ವಯಸ್ಕರಲ್ಲಿ ಕೊರತೆಯ ಗಡಿಯನ್ನು 15ರ ಬದಲು 70ಕ್ಕೆ ಏರಿಸಲಾಗಿದೆ.

ಅಗ್ಗದ ದಾರಿ: ಉರಿಯೂತವನ್ನು ತೋರಿಸುವ ರಕ್ತಪರೀಕ್ಷೆಗಳಾದ ಸಿಆರ್‌ಪಿ ಇಲ್ಲವೇ ಇಎಸ್‌ಆರ್ ನೋಡಿ. ಅದು ಏರಿದ್ದರೆ ಫೆರಿಟಿನ್ ಒಂದನ್ನೇ ನಂಬಬೇಡಿ. ಮುಂದಿನ ಹೆಜ್ಜೆ ಸೀರಮ್ ಕಬ್ಬಿಣ ಮತ್ತು ಟಿಐಬಿಸಿ (ರಕ್ತ ಒಟ್ಟು ಎಷ್ಟು ಕಬ್ಬಿಣ ಹೊರಬಲ್ಲದು ಎಂಬ ಅಳತೆ), ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಟ್ರಾನ್ಸ್‌ಫೆರಿನ್ ಎಷ್ಟು ತುಂಬಿದೆ ಎಂಬುದು ಸಿಗುತ್ತದೆ. ಇಬ್ಬರ ಸೀರಮ್ ಕಬ್ಬಿಣವೂ 40 ಇದೆ ಎಂದುಕೊಳ್ಳಿ. ಒಬ್ಬರ ಟಿಐಬಿಸಿ 420, ಇನ್ನೊಬ್ಬರದು 220. ಮೊದಲನೆಯವರಲ್ಲಿ ಭರ್ತಿ ಶೇ 10ಕ್ಕೂ ಕಡಿಮೆ. ಯಕೃತ್ತು ಕಬ್ಬಿಣಕ್ಕಾಗಿ ಹೆಚ್ಚು ಹೆಚ್ಚು ಟ್ರಾನ್ಸ್‌ಫೆರಿನ್ ತಯಾರಿಸಿ ಕಳಿಸುತ್ತಿದೆ, ಅಂದರೆ ಇದು ಅಪ್ಪಟ ಕೊರತೆ. ಎರಡನೆಯವರಲ್ಲಿ ಶೇ 18. ಕಬ್ಬಿಣವೂ ಕಡಿಮೆ, ಅದನ್ನು ಸಾಗಿಸುವ ಪ್ರೋಟೀನೂ ಕಡಿಮೆ. ಉರಿಯೂತವಿರುವಾಗ ಹೆಪ್ಸಿಡಿನ್ ಎಂಬ ಹಾರ್ಮೋನು ಕಬ್ಬಿಣವನ್ನು ಕೋಶಗಳಿಂದ ಹೊರಬಿಡದೆ ಕೂಡಿಹಾಕುತ್ತದೆ. ಅವರಿಗೆ ಎಷ್ಟು ಮಾತ್ರೆ ನುಂಗಿಸಿದರೂ ಪ್ರಯೋಜನ ಕಡಿಮೆ. ಮೂಲ ರೋಗಕ್ಕೆ ಚಿಕಿತ್ಸೆ ಬೇಕು.

ಕೆಂಪು ಕಣಗಳು ಸಣ್ಣಗಿದ್ದು, ಎಣಿಕೆ ಮಾತ್ರ ಧಾರಾಳವಾಗಿದ್ದು, ಫೆರಿಟಿನ್ ಚೆನ್ನಾಗಿಯೇ ಇದ್ದರೆ, ಹಿಮೊಗ್ಲೋಬಿನ್ ಸರಿಯಾಗಿ ತಯಾರಾಗದ ಆನುವಂಶಿಕ ರೋಗವಾದ ಥಲಸ್ಸೇಮಿಯಾದ ವಾಹಕರಿರಬಹುದು. ಎಂಸಿವಿಯನ್ನು (ಕೆಂಪು ಕಣದ ಸರಾಸರಿ ಗಾತ್ರ) ದಶಲಕ್ಷಗಳಲ್ಲಿರುವ ಕೆಂಪುಕಣದ ಎಣಿಕೆಯಿಂದ ಭಾಗಿಸಿ ನೋಡಿ. 13ಕ್ಕಿಂತ ಕಡಿಮೆ ಬಂದರೆ ವಾಹಕರನ್ನು ಗುರುತಿಸುವ ಎಚ್‌ಬಿಎ2 ಪರೀಕ್ಷೆ ಮಾಡಿಸುವುದು ಒಳ್ಳೆಯದು. ಮದುವೆಗೆ ಅಥವಾ ಮಗುವಿಗೆ ಮೊದಲೇ ತಿಳಿದರೆ ಇನ್ನೂ ಒಳ್ಳೆಯದು. ಇಂಥವರು ವರ್ಷಗಟ್ಟಲೆ ಸುಮ್ಮನೆ ಕಬ್ಬಿಣ ನುಂಗುತ್ತಿರುವುದನ್ನು ಕಂಡರೆ ಬೇಸರವಾಗುತ್ತದೆ.

ಏನೂ ತೊಂದರೆಯಿಲ್ಲ, ಆದರೂ ಫೆರಿಟಿನ್ 400–900

ನಡುವಯಸ್ಸಿನ ಗಂಡಸರ ವರದಿಗಳಲ್ಲಿ ಇದು ಸಾಮಾನ್ಯ. ಅಂತರ್ಜಾಲದಲ್ಲಿ ಹುಡುಕಿದರೆ ಮೊದಲು ಸಿಗುವ ಹೆಸರು ಹೀಮೊಕ್ರೊಮಟೋಸಿಸ್, ಅಂದರೆ ಕಬ್ಬಿಣವನ್ನು ಮಿತಿಮೀರಿ ಹೀರಿಕೊಳ್ಳುವ ಆನುವಂಶಿಕ ರೋಗ. ಉತ್ತರ ಯುರೋಪಿನ ಮೂಲದವರಲ್ಲಿ ಅದರ ವಂಶವಾಹಿ ದೋಷ ಸಾಮಾನ್ಯ, ಭಾರತೀಯರಲ್ಲಿ ಅಪರೂಪ. ಹಾಗಾಗಿ ದುಬಾರಿ ಜೀನ್ ಪರೀಕ್ಷೆಯಿಂದ ಶುರುಮಾಡಬೇಡಿ.

ಟೇಪು ಹಿಡಿದು ಸೊಂಟದ ಸುತ್ತಳತೆ ನೋಡಿ. ಮದ್ಯ ಎಷ್ಟು ಎಂದು ಪ್ರಾಮಾಣಿಕವಾಗಿ ಬರೆದುಕೊಳ್ಳಿ. ರಕ್ತದ ಸಕ್ಕರೆ, ಟ್ರೈಗ್ಲಿಸರೈಡ್ ಎಂಬ ಕೊಬ್ಬು, ಯಕೃತ್ತಿನ ಗಾಯ ತೋರಿಸುವ ಎಸ್‌ಜಿಪಿಟಿ ನೋಡಿ, ಆಮೇಲೆ ಹೊಟ್ಟೆಯ ಅಲ್ಟ್ರಾಸೌಂಡ್. ಹೆಚ್ಚಿನವರಲ್ಲಿ ಸಿಗುವುದು ಫ್ಯಾಟಿ ಲಿವರ್, ಅಂದರೆ ಕೊಬ್ಬು ತುಂಬಿದ ಯಕೃತ್ತು. ಇಲ್ಲಿ ಯಕೃತ್ತಿನ ಪಾತ್ರ ಎರಡು ಬಗೆಯದು: ಫೆರಿಟಿನನ್ನು ರಕ್ತದಿಂದ ತೆಗೆಯುವ ಮುಖ್ಯ ಅಂಗವೂ ಅದೇ, ತನ್ನೊಳಗೆ ಅದನ್ನು ತುಂಬಿಟ್ಟುಕೊಂಡಿರುವ ಅಂಗವೂ ಅದೇ. ಅದರ ಕೋಶಗಳು ಗಾಯಗೊಂಡರೆ ಸೋರುವುದು ಹೆಚ್ಚುತ್ತದೆ, ಜೊತೆಗೆ ಗುಡಿಸುವ ಕೆಲಸಕ್ಕೂ ಅಡ್ಡಿಯಾಗಬಹುದು. ಕಾಮಾಲೆ ಇರುವವರಲ್ಲಿ ಫೆರಿಟಿನ್ ಸಾವಿರಗಳಿಗೆ ಹಾರುವುದು ಇದರಿಂದಲೇ. ಮದ್ಯ ಬಿಟ್ಟರೆ ಕೆಲವೇ ವಾರಗಳಲ್ಲಿ ಅಂಕಿ ಇಳಿಯತೊಡಗುತ್ತದೆ. ಮದ್ಯವೇ ಕಾರಣ ಎಂಬುದಕ್ಕೆ ಆ ಇಳಿತವೇ ಪುರಾವೆ. ಆದರೆ ದಿನವೂ ಹೆಚ್ಚು ಕುಡಿಯುವವರು ಏಕಾಏಕಿ ನಿಲ್ಲಿಸಿದರೆ ನಡುಕ, ಫಿಟ್ಸ್ ಬರಬಹುದು. ವೈದ್ಯರ ನೆರವಿನಲ್ಲಿ ಬಿಡಿ.

ಮುಂದೆ ದಾರಿ ಕವಲೊಡೆಯುವುದು ಟ್ರಾನ್ಸ್‌ಫೆರಿನ್ ಭರ್ತಿಯಲ್ಲಿ. ಶೇ 45ಕ್ಕಿಂತ ಕಡಿಮೆ ಇದ್ದರೆ ನಿಜವಾದ ಕಬ್ಬಿಣದ ಹೊರೆ ಇರುವ ಸಂಭವ ಕಡಿಮೆ. ತೂಕ, ಸಕ್ಕರೆ, ಮದ್ಯ ಇವುಗಳ ಕಡೆ ಗಮನ ಕೊಟ್ಟು ಮೂರು ತಿಂಗಳ ನಂತರ ಮತ್ತೆ ಅಳೆಯಿರಿ. ಶೇ 45 ದಾಟಿ ಮತ್ತೊಮ್ಮೆಯೂ ಹಾಗೆಯೇ ಬಂದರೆ, ಅಥವಾ ಫೆರಿಟಿನ್ 1,000 ಮೀರಿದ್ದರೆ, ಮನೆಯ ಲೆಕ್ಕಾಚಾರ ಸಾಕು. ಯಕೃತ್ತಿನ ಅಥವಾ ರಕ್ತರೋಗದ ತಜ್ಞರನ್ನು ಕಾಣಿ. ಕಾರಣ ತಿಳಿಯುವವರೆಗೆ ಕಬ್ಬಿಣವಿರುವ ಟಾನಿಕ್, ಮಲ್ಟಿವಿಟಮಿನ್ ಬೇಡ.

ಫೆರಿಟಿನನ್ನು ತೊಳೆದು ಹಾಕುತ್ತೇವೆ ಎಂದು ಮಾರುವ ಪುಡಿ, ಕಷಾಯಗಳ ಬಗ್ಗೆ ಒಂದು ಮಾತು. ಗೋಳವನ್ನು ತೆಗೆಯುವ ಕೆಲಸವನ್ನು ದೇಹ ತಾನೇ ಗಂಟೆಗಳಲ್ಲಿ ಮಾಡುತ್ತದೆ. ದೇಹಕ್ಕೆ ಮಾಡಲಾಗದ್ದು ಬೇರೆ: ಹೆಚ್ಚಾದ ಕಬ್ಬಿಣವನ್ನು ಹೊರಹಾಕುವುದು. ಚರ್ಮದ, ಕರುಳಿನ ಕೋಶಗಳು ಉದುರುವುದರಲ್ಲಿ ದಿನಕ್ಕೆ 1–2 ಮಿಲಿಗ್ರಾಂ ಹೋಗುವುದು ಬಿಟ್ಟರೆ ಅದಕ್ಕೆ ಬೇರೆ ದಾರಿಯಿಲ್ಲ. ನಿಜವಾದ ಹೊರೆಯಿದ್ದಾಗ ವೈದ್ಯರು ರಕ್ತ ತೆಗೆಯುವುದು ಅದಕ್ಕೇ. 450 ಮಿಲಿಲೀಟರ್ ರಕ್ತದೊಂದಿಗೆ 200 ಮಿಲಿಗ್ರಾಂಗಿಂತ ಹೆಚ್ಚು ಕಬ್ಬಿಣ ಹೊರಹೋಗುತ್ತದೆ. ಮೊದಲೇ ನೊಂದಿರುವ ಯಕೃತ್ತಿಗೆ ಏನೇನು ಬೆರೆಸಿದ್ದಾರೆಂದು ತಿಳಿಯದ ಕಷಾಯ ಕುಡಿಸುವುದು ಅಪಾಯ.

ಜ್ವರ ಇಳಿಯುತ್ತಿಲ್ಲ, ಫೆರಿಟಿನ್ ಸಾವಿರಗಳಲ್ಲಿದೆ

ಇದು ಮನೆಯಲ್ಲಿ ಕೂತು ಹುಡುಕುವ ದೋಷವಲ್ಲ. ಡೆಂಗಿ, ಮಲೇರಿಯಾ ಅಥವಾ ತೀವ್ರ ಸೋಂಕಿನಲ್ಲೂ ಫೆರಿಟಿನ್ ಏರುತ್ತದೆ, ರೋಗ ಇಳಿದಂತೆ ತಾನೂ ಇಳಿಯುತ್ತದೆ. ಆದರೆ ಜ್ವರದ ಜೊತೆಗೆ ಪ್ಲೇಟ್‌ಲೆಟ್ ಮತ್ತು ಬಿಳಿ ಕಣಗಳು ಕುಸಿಯುತ್ತಾ, ಗುಲ್ಮ ದೊಡ್ಡದಾಗುತ್ತಾ, ಫೆರಿಟಿನ್ ದಿನದಿಂದ ದಿನಕ್ಕೆ ಏರುತ್ತಿದ್ದರೆ ವೈದ್ಯರು ಎಚ್‌ಎಲ್‌ಎಚ್ ಎಂಬ ಸ್ಥಿತಿಯನ್ನು ಯೋಚಿಸಬೇಕು. ರೋಗನಿರೋಧಕ ಕೋಶಗಳು ಹತೋಟಿ ತಪ್ಪಿ ದೇಹದ ಮೇಲೆಯೇ ತಿರುಗಿಬೀಳುವ ಸ್ಥಿತಿ ಅದು. ಮಕ್ಕಳಲ್ಲಿ 10,000 ದಾಟಿದರೆ ಅನುಮಾನ ಬಲವಾಗುತ್ತದೆ.

ವಯಸ್ಕರಲ್ಲಿ ಸಂಜೆ ಹೊತ್ತಿಗೆ ಏರುವ ಜ್ವರ, ಜ್ವರದೊಂದಿಗೆ ಬಂದು ಹೋಗುವ ನಸುಗೆಂಪು ದದ್ದು, ಗಂಟಲು ನೋವು, ಕೀಲು ನೋವು ಸೇರಿದ್ದರೆ ಸ್ಟಿಲ್ಸ್ ಎಂಬ ಉರಿಯೂತದ ರೋಗವೂ ಇರಬಹುದು. ಆ ರೋಗದಲ್ಲಿ ಸಕ್ಕರೆ ಹೊದ್ದ ಫೆರಿಟಿನ್‌ನ ಪಾಲು ಶೇ 20ಕ್ಕೂ ಕೆಳಗಿಳಿಯುತ್ತದೆ. ಆರೋಗ್ಯವಂತರಲ್ಲಿ ಅದು ಅರ್ಧಕ್ಕಿಂತ ಹೆಚ್ಚು. ಮೇಲೆ ಹೇಳಿದ ಪ್ರಯೋಗವನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಹೊದಿಕೆಯಿಲ್ಲದ ಫೆರಿಟಿನನ್ನು ಯಕೃತ್ತು ನಿಮಿಷಗಳಲ್ಲಿ ಎಳೆದುಕೊಳ್ಳಬಲ್ಲದು. ಅಷ್ಟಾದರೂ ರಕ್ತದಲ್ಲಿ ಅದೇ ಸಾವಿರಗಟ್ಟಲೆ ಉಳಿದಿದೆ ಎಂದರೆ, ಗುಡಿಸುವ ಶಕ್ತಿಯನ್ನೂ ಮೀರಿ ಅದು ಸುರಿಯುತ್ತಿದೆ.

ಎಚ್ಚರ ತಪ್ಪುವುದು, ಒಸಡು ಅಥವಾ ಮೂಗಿನಿಂದ ರಕ್ತ, ಕಣ್ಣು ಹಳದಿಯಾಗುವುದು, ಉಸಿರಾಟದ ತೊಂದರೆ: ಇವುಗಳಲ್ಲಿ ಒಂದು ಕಂಡರೂ ತೀವ್ರ ನಿಗಾ ಘಟಕ ಇರುವ ಆಸ್ಪತ್ರೆಗೆ ಹೋಗಿ. ದಿನವಾರು ಹಳೆಯ ವರದಿಗಳನ್ನೆಲ್ಲ ಜೊತೆಗೆ ಒಯ್ಯಿರಿ. ಇಲ್ಲಿ ಒಂದು ಅಂಕಿಗಿಂತ ಅದು ಏರಿದ ವೇಗ ಹೆಚ್ಚು ಹೇಳುತ್ತದೆ.

ಜ್ವರ ವಾಸಿಯಾಯಿತು, ಅಂಕಿ ಮಾತ್ರ ಇಳಿದಿಲ್ಲ

ಆರರಿಂದ ಎಂಟು ವಾರ ಕಾಯಿರಿ, ಸಿಆರ್‌ಪಿಯ ಜೊತೆಗೆ ಮತ್ತೆ ಅಳೆಸಿ. ಸಿಆರ್‌ಪಿ ಇಳಿದು ಫೆರಿಟಿನ್ ನಿಂತಲ್ಲೇ ನಿಂತಿದ್ದರೆ ಮೇಲಿನ ಫ್ಯಾಟಿ ಲಿವರ್ ದಾರಿ ಹಿಡಿಯಿರಿ. ಅದೂ ಅಲ್ಲ, ಟ್ರಾನ್ಸ್‌ಫೆರಿನ್ ಭರ್ತಿಯೂ ಸರಿಯಿದೆ, ಜೊತೆಗೆ ಕುಟುಂಬದಲ್ಲಿ ಹಲವರಿಗೆ ಚಿಕ್ಕ ವಯಸ್ಸಿನಲ್ಲೇ ಕಣ್ಣಿನ ಪೊರೆ ಬಂದಿದೆ ಎಂದಾದರೆ ವೈದ್ಯರಿಗೆ ಅದನ್ನು ಮರೆಯದೆ ಹೇಳಿ. ಕಬ್ಬಿಣದ ಹೊರೆ ಇಲ್ಲದೆಯೇ ಫೆರಿಟಿನ್ ಅತಿಯಾಗಿ ತಯಾರಾಗುವ ಒಂದು ಆನುವಂಶಿಕ ದೋಷವಿದೆ. ಅದರ ಗುರುತೇ ಆ ಪೊರೆ. ಇವರಿಂದ ರಕ್ತ ತೆಗೆದರೆ ರಕ್ತಹೀನತೆ ಬರುತ್ತದೆಯೇ ಹೊರತು ಅಂಕಿ ಇಳಿಯುವುದಿಲ್ಲ.

ಪದೇ ಪದೇ ರಕ್ತ ಹಾಕಿಸಿಕೊಳ್ಳುವ ಮಕ್ಕಳಲ್ಲಿ

ಥಲಸ್ಸೇಮಿಯಾ ಮೇಜರ್ ಇರುವ ಮಕ್ಕಳಿಗೆ ಪ್ರತಿ ಬಾಟಲಿ ರಕ್ತದ ಜೊತೆಗೂ ಸುಮಾರು 200 ಮಿಲಿಗ್ರಾಂ ಕಬ್ಬಿಣ ಒಳಗೆ ಹೋಗುತ್ತದೆ, ಹೊರಬರುವ ದಾರಿಯಿಲ್ಲ. ಹತ್ತಿಪ್ಪತ್ತು ಸಲ ರಕ್ತ ಹಾಕಿದ ಮೇಲೆ ಅಥವಾ ಫೆರಿಟಿನ್ 1,000 ದಾಟಿದಾಗ ಕಬ್ಬಿಣ ಇಳಿಸುವ ಔಷಧ ಶುರುಮಾಡುತ್ತಾರೆ. ತಾಯಂದಿರು ಕೇಳುವ ಪ್ರಶ್ನೆ ಒಂದೇ: ‘ಮಾತ್ರೆ ತಪ್ಪಿಸಿಲ್ಲ, ಆದರೂ ಈ ಸಲ ಏಕೆ ಏರಿತು?’ ಮೊದಲು ಮಗುವಿಗೆ ನೆಗಡಿ, ಜ್ವರ, ಹೆಪಟೈಟಿಸ್ ಇತ್ತೇ ನೋಡಿ. ಆಮೇಲೆ ಮಗುವಿನ ತೂಕ ಹೆಚ್ಚಿದ್ದು ಮಾತ್ರೆಯ ಪ್ರಮಾಣ ಹಳೆಯದೇ ಉಳಿದಿದೆಯೇ ಎಂದು ಪರಿಶೀಲಿಸಿ. ಇಳಿದಾಗಲೂ ಅಂಕಿಯೊಂದನ್ನೇ ನಂಬಿ ಔಷಧ ಬಿಡುವ ಹಾಗಿಲ್ಲ. ರಕ್ತದಿಂದ ಫೆರಿಟಿನ್ ಹೋದರೂ ಹೃದಯದಲ್ಲಿ ಕೂತ ಕಬ್ಬಿಣ ಹೋಗಿರುವುದಿಲ್ಲ, ಅದು ಕಾಣುವುದು ಎಂಆರ್‌ಐ ಟಿ2 ಸ್ಟಾರ್ ಪರೀಕ್ಷೆಯಲ್ಲಿ ಮಾತ್ರ. ಫೆರಿಟಿನ್ ಮೂರು ತಿಂಗಳಿಗೊಮ್ಮೆ ಮಾಡಿಸಿ. ಎಂಆರ್‌ಐ ಯಾವ ವಯಸ್ಸಿನಿಂದ, ಎಷ್ಟು ಅಂತರದಲ್ಲಿ ಬೇಕು ಎಂಬುದನ್ನು ಮಗುವಿನ ರಕ್ತತಜ್ಞರಿಂದ ಬರೆಸಿಕೊಂಡು ಅದೇ ಕಡತದಲ್ಲಿಡಿ.